ಹೊಸೂರು–ಕೃಷ್ಣಗಿರಿ ಯುವಕರಿಗೆ ರಾಜಕೀಯದ ಮೊದಲ ಮೆಟ್ಟಿಲು ಯಾವುದು?

ಅಮೆರಿಕ, ಕೆನಡಾದ ಶಾಸನಸಭೆಗಳಲ್ಲಿ ‘ಪೇಜ್’ ಅಂತ ಒಂದು ಕೆಲಸ ಉಂಟು. ಪುಸ್ತಕದ ಪುಟ ಅಲ್ಲ, ಸದನದೊಳಗೆ ಓಡಾಡಿ ಸದಸ್ಯರಿಗೆ ಕಾಗದಪತ್ರ, ಚೀಟಿ, ನೀರು ತಲುಪಿಸುವ ಹುಡುಗ–ಹುಡುಗಿಯರಿಗೆ ಆ ಹೆಸರು. ಅಮೆರಿಕದ ಸೆನೆಟ್‌ನಲ್ಲಿ 1829ರಲ್ಲಿ ಡೇನಿಯಲ್ ವೆಬ್‌ಸ್ಟರ್ 9 ವರ್ಷದ ಹುಡುಗನೊಬ್ಬನನ್ನು ನೇಮಿಸಿದಲ್ಲಿಂದ ಇದು ಶುರು. ಈಗ ಅಲ್ಲಿ ಹೈಸ್ಕೂಲು ಓದುವ 16–17 ವರ್ಷದವರನ್ನು ತಗೊಳ್ತಾರೆ. ಕೆಳಮನೆಯವರು 2011ರಲ್ಲಿ ಈ ಪದ್ಧತಿ ನಿಲ್ಲಿಸಿದರು. ಕೆನಡಾದ ಹೌಸ್ ಆಫ್ ಕಾಮನ್ಸ್‌ನಲ್ಲಿ 1978ರಿಂದ ಈ ಕೆಲಸ ಯೂನಿವರ್ಸಿಟಿ ವಿದ್ಯಾರ್ಥಿಗಳದ್ದು.

ಇದರಿಂದ ರಾಜಕಾರಣಿಗಳು ಹುಟ್ಟುತ್ತಾರಾ? ಕೆಲವರು ಹೌದು. ಜಾನ್ ಡಿಂಗೆಲ್ ಎಂಬವರು 1938ರಿಂದ 1943ರ ತನಕ ಪೇಜ್ ಆಗಿದ್ದು, 1955ರಲ್ಲಿ ಅದೇ ಸದನಕ್ಕೆ ಆಯ್ಕೆಯಾಗಿ 2015ರವರೆಗೆ ಕೂತರು. ಆದರೆ ಅವರ ತಂದೆ ಅದೇ ಸದನದ ಸದಸ್ಯರಾಗಿದ್ದರು, ತಂದೆ ತೀರಿಹೋದ ಮೇಲೆ ಆ ಸೀಟಿಗೇ ಮಗ ಬಂದದ್ದು ಎಂಬುದನ್ನೂ ಸೇರಿಸಿ ಹೇಳಬೇಕು. ಮನೆಯ ಹೆಸರು ಕೆಲಸ ಮಾಡುವುದು ಭಾರತದಲ್ಲಿ ಮಾತ್ರ ಅಲ್ಲ.

ಭಾರತದಲ್ಲಿ ಪೇಜ್ ಪದ್ಧತಿಯೇ ಇಲ್ಲ. ಲೋಕಸಭೆಯಲ್ಲಿ ಚೀಟಿ ಒಯ್ಯುವವರು ಸಚಿವಾಲಯದ ಸಂಬಳದ ನೌಕರರು. ಇಲ್ಲಿ ಅದಕ್ಕೆ ಹತ್ತಿರದ್ದು ಎರಡು. ಒಂದು ಯುವ ಸಂಸತ್. ಸಂಸದೀಯ ವ್ಯವಹಾರಗಳ ಸಚಿವಾಲಯ 1966–67ರಲ್ಲಿ ದೆಹಲಿಯ ಶಾಲೆಗಳಲ್ಲಿ ಆರಂಭಿಸಿದ ಸ್ಪರ್ಧೆ ಇದು. ಒಬ್ಬ ಸ್ಪೀಕರ್, ಕೆಲವರು ಮಂತ್ರಿಗಳು, ಎದುರಿಗೆ ವಿರೋಧ ಪಕ್ಷ, ಪ್ರಶ್ನೋತ್ತರ, ಗದ್ದಲ ಎಲ್ಲ ಇರ್ತದೆ. 2019ರಿಂದ 18–25 ವಯಸ್ಸಿನವರಿಗೆ ರಾಷ್ಟ್ರೀಯ ಯುವ ಸಂಸತ್ ಉತ್ಸವವೂ ಬಂತು. ಭಾಷಣದ ಅಂಜಿಕೆ ಹೋಗಲಿಕ್ಕೆ ಒಳ್ಳೆಯದೇ. ಆದರೆ ಸ್ಪರ್ಧೆ ಮುಗಿದ ದಿನ ಸರ್ಟಿಫಿಕೇಟ್ ಕೊಟ್ಟು ಕಳಿಸ್ತಾರೆ, ಅಲ್ಲಿಗೆ ಮುಗೀತು.

ಎರಡನೆಯದು ‘ಲ್ಯಾಂಪ್’ ಫೆಲೋಶಿಪ್. ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಸಂಸ್ಥೆ 2010ರಿಂದ ನಡೆಸುವ ಇದರಲ್ಲಿ, ಎಳೆಯ ಪದವೀಧರರನ್ನು ಒಬ್ಬೊಬ್ಬ ಸಂಸದರ ಜೊತೆ ಮಳೆಗಾಲದ ಅಧಿವೇಶನದಿಂದ ಬಜೆಟ್ ಅಧಿವೇಶನದ ತನಕ ಕೆಲಸಕ್ಕೆ ಹಾಕ್ತಾರೆ. ಸದನದಲ್ಲಿ ಕೇಳಬೇಕಾದ ಪ್ರಶ್ನೆ ಬರೆಯುವುದು, ಮಸೂದೆ ಓದಿ ಟಿಪ್ಪಣಿ ಮಾಡುವುದು, ಖಾಸಗಿ ಮಸೂದೆಗೆ ಕರಡು ತಯಾರಿಸುವುದು ಇವರ ಕೆಲಸ. ತಿಂಗಳಿಗೆ ಸ್ಟೈಪೆಂಡ್ ಉಂಟು. ಕಾನೂನು ಓದಿದವರಿಗೆ ಮಾತ್ರ ಅಂತ ಹಲವರು ತಪ್ಪು ತಿಳಿದಿದ್ದಾರೆ. ಬಿಕಾಂ, ಬಿಎಸ್‌ಸಿ, ಇಂಜಿನಿಯರಿಂಗ್ ಯಾವುದಾದರೂ ನಡೀತದೆ. ತೊಂದರೆ ಇರುವುದು ದೆಹಲಿಯ ಖರ್ಚು ಮತ್ತು ಇಂಗ್ಲಿಷ್ ಬರವಣಿಗೆ.

ಹೊಸೂರು, ಡೆಂಕಣಿಕೋಟೆ, ತಳಿ, ವೇಪನಹಳ್ಳಿ ಕಡೆಯ ಹುಡುಗರಿಗೆ ದೆಹಲಿಗಿಂತ ಹತ್ತಿರದ ದಾರಿ ಊರಲ್ಲೇ ಉಂಟು. ಹೊಸೂರು ಹತ್ತಿರದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿ ಹೋದದ್ದೂ ಅದೇ ದಾರಿಯಲ್ಲಿ. ಹೊಸೂರಿನಲ್ಲಿ ಶಾಲೆ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ, ಸೇಲಂನಲ್ಲಿ ವಕೀಲಿಕೆ. 1911ರಲ್ಲಿ ಸೇಲಂ ಪುರಸಭೆಯ ಸದಸ್ಯ, 1917ರಲ್ಲಿ ಅಧ್ಯಕ್ಷ. ಮದ್ರಾಸಿನ ಪ್ರೀಮಿಯರ್ ಆದದ್ದು 1937ರಲ್ಲಿ, ಗವರ್ನರ್ ಜನರಲ್ ಆದದ್ದು 1948ರಲ್ಲಿ. ಚರಂಡಿ, ನೀರು, ಕಂದಾಯದ ಲೆಕ್ಕ ನೋಡಿದ ಮೇಲೆಯೇ ಉಳಿದದ್ದೆಲ್ಲ.

ಈಗಿನ ಕಾನೂನಿನಲ್ಲಿ ಪಂಚಾಯತ್, ನಗರಸಭೆ, ಮಹಾನಗರ ಪಾಲಿಕೆಗೆ ನಿಲ್ಲಲು 21 ವರ್ಷ ಆಗಿರಬೇಕು. ವಿಧಾನಸಭೆಗೂ ಲೋಕಸಭೆಗೂ 25, ರಾಜ್ಯಸಭೆಗೆ 30. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 61ನೇ ತಿದ್ದುಪಡಿಯಿಂದ, 1989ರಲ್ಲಿ. ಅಂದರೆ 21ರಿಂದ 25ರ ನಡುವಿನ ನಾಲ್ಕು ವರ್ಷ ಯುವಕರಿಗೆ ಇರುವ ಒಂದೇ ಜಾಗ ಸ್ಥಳೀಯ ಸಂಸ್ಥೆ.

ತಮಿಳುನಾಡಿನಲ್ಲಿ ಎಡವಟ್ಟಾದದ್ದು ಇಲ್ಲೇ. 2016ರ ಅಕ್ಟೋಬರ್‌ನಲ್ಲಿ ಸ್ಥಳೀಯ ಸಂಸ್ಥೆಗಳ ಅವಧಿ ಮುಗಿದಾಗ ಚುನಾವಣೆ ಕೋರ್ಟಿನಲ್ಲಿ ಸಿಕ್ಕಿಬಿತ್ತು. ಕೃಷ್ಣಗಿರಿ ಜಿಲ್ಲೆಯ ಹಳ್ಳಿಗಳಲ್ಲಿ ಮತದಾನ ಆದದ್ದು 2019ರ ಡಿಸೆಂಬರ್‌ನಲ್ಲಿ. ಹೊಸೂರು 2019ರಲ್ಲಿ 45 ವಾರ್ಡಿನ ಮಹಾನಗರ ಪಾಲಿಕೆ ಆದರೂ ಅಲ್ಲಿ ಚುನಾವಣೆ ನಡೆದದ್ದು 2022ರ ಫೆಬ್ರವರಿ 19ಕ್ಕೆ. ಲೆಕ್ಕ ಹಾಕಿ ನೋಡಿ: 2016ರಲ್ಲಿ 21 ತುಂಬಿದ ಹೊಸೂರಿನ ಹುಡುಗನಿಗೆ 2021ರ ಏಪ್ರಿಲ್‌ನಲ್ಲಿ ವಿಧಾನಸಭೆಗೇ ನಿಲ್ಲುವ ವಯಸ್ಸಾಗಿತ್ತು, ವಾರ್ಡಿಗೆ ನಿಲ್ಲುವ ಅವಕಾಶ ಮಾತ್ರ ಇನ್ನೂ ಬಂದಿರಲಿಲ್ಲ. ಏಣಿಯ ಕೆಳಗಿನ ಮೆಟ್ಟಿಲನ್ನೇ ತೆಗೆದಿಟ್ಟ ಹಾಗೆ. ಹಳ್ಳಿ ಪಂಚಾಯತ್‌ಗಳ ಅವಧಿ 2025ರ ಜನವರಿ 5ಕ್ಕೆ ಮುಗಿದಾಗ ಮತ್ತೆ ಅದೇ ಕತೆ, ಆಡಳಿತ ವಿಶೇಷ ಅಧಿಕಾರಿಗಳ ಕೈಗೆ ಹೋಯಿತು.

ಸಿಕ್ಕಿದ ಅವಕಾಶವನ್ನು ಬಳಸಿಕೊಂಡವರೂ ಇದ್ದಾರೆ. 2019ರ ಆ ಚುನಾವಣೆಯಲ್ಲಿ ಕೃಷ್ಣಗಿರಿ ಜಿಲ್ಲೆಯ ಕೆ.ಎನ್. ತೊಟ್ಟಿ ಪಂಚಾಯತ್‌ಗೆ ಅಧ್ಯಕ್ಷೆಯಾದದ್ದು 21 ವರ್ಷದ ಬಿಬಿಎ ವಿದ್ಯಾರ್ಥಿನಿ ಸಂಧ್ಯಾ ರಾಣಿ. ತಮಿಳುನಾಡಿನಲ್ಲಿ ಗ್ರಾಮ ಪಂಚಾಯತ್ ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸ್ತಾರೆ, ಅದೂ ಪಕ್ಷದ ಚಿಹ್ನೆ ಇಲ್ಲದೆ. ಕರ್ನಾಟಕದ ಹಾಗೆ ಸದಸ್ಯರು ಕೂತು ಆರಿಸುವುದಲ್ಲ. ಸ್ಥಳೀಯ ಸಂಸ್ಥೆಗಳಲ್ಲಿ ಹೆಣ್ಮಕ್ಕಳಿಗೆ ಅರ್ಧಕ್ಕೆ ಅರ್ಧ ಮೀಸಲಾತಿಯೂ ಉಂಟು. ಪಕ್ಷದ ಟಿಕೆಟಿಗೆ ಕಾಯದೆ ನಿಲ್ಲಬಹುದಾದ ಜಾಗ ಅಂದರೆ ಇದೇ.

ಕರಾವಳಿಯಿಂದ ಹೋಗಿ ಹೊಸೂರು ಕಡೆ ಅಂಗಡಿ, ಹೋಟೆಲು, ಬೇಕರಿ ಹಾಕಿ ಕೂತ ಕುಟುಂಬಗಳು ಎಡವುವುದು ಇನ್ನೊಂದು ಕಡೆ. ವ್ಯಾಪಾರ ಹೊಸೂರಿನಲ್ಲಿ, ಮಕ್ಕಳ ಶಾಲೆ ಹೊಸೂರಿನಲ್ಲಿ, ಓಟು ಮಾತ್ರ ಬಂಟ್ವಾಳದಲ್ಲೋ ಪುತ್ತೂರಿನಲ್ಲೋ. ಹೀಗಿದ್ದರೆ ಹೊಸೂರಿನ ವಾರ್ಡಿಗೆ ನಿಲ್ಲಲಿಕ್ಕೆ ಆಗುವುದಿಲ್ಲ, ಆ ಊರಿನ ಪಟ್ಟಿಯಲ್ಲಿ ಹೆಸರಿರಲೇಬೇಕು. ತಮಿಳುನಾಡು ವಿಧಾನಸಭೆಗೆ ನಿಲ್ಲುವವರು ಆ ರಾಜ್ಯದ ಯಾವುದಾದರೂ ಒಂದು ಕ್ಷೇತ್ರದ ಮತದಾರರಾಗಿರಬೇಕು. ಲೋಕಸಭೆಯ ಸಾಮಾನ್ಯ ಕ್ಷೇತ್ರಕ್ಕೆ ಮಾತ್ರ ದೇಶದ ಯಾವ ಮೂಲೆಯ ಮತದಾರರೂ ನಿಲ್ಲಬಹುದು. ‘ಎರಡೂ ಕಡೆ ಇರಲಿ ಬಿಡಿ’ ಅನ್ನುವವರಿದ್ದಾರೆ. ಎರಡು ಕಡೆ ಹೆಸರು ಇಡುವುದಕ್ಕೆ ಕಾನೂನಿನಲ್ಲಿ ಜಾಗ ಇಲ್ಲ, ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದ ತನಕ ಜೈಲು ಆಗಬಹುದು. ವಿಳಾಸ ಬದಲಿಸಲು ಫಾರಂ 8, ಹೊಸದಾಗಿ ಸೇರಲು ಫಾರಂ 6. ಮೊದಲು ಜನವರಿ 1ಕ್ಕೆ 18 ತುಂಬಿರಬೇಕಿತ್ತು. 2022ರ ನಂತರ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಲೆಕ್ಕಕ್ಕೆ ಬರ್ತದೆ. 17 ದಾಟಿದವರು ಮುಂಚಿತವಾಗಿಯೇ ಅರ್ಜಿ ಕೊಟ್ಟಿಡಬಹುದು.

ಊರಿನ ಓಟು ಬಿಡುವುದು ಅನೇಕ ಮನೆಗಳಲ್ಲಿ ದೊಡ್ಡ ಮಾತು. ಬಾಪ, ಉಮ್ಮ ಊರಲ್ಲಿದ್ದಾರೆ, ಪಡಿತರ ಚೀಟಿ ಅಲ್ಲಿದೆ, ಪಂಚಾಯತ್ ಸದಸ್ಯ ಪರಿಚಯದವರು ಎಂದೆಲ್ಲ ಇರ್ತದೆ. ಅದು ಸುಳ್ಳಲ್ಲ. ಆದರೆ ಕಸದ ತೆರಿಗೆ, ಟ್ರೇಡ್ ಲೈಸೆನ್ಸ್, ಅಂಗಡಿ ಮುಂದಿನ ಚರಂಡಿ ಎಲ್ಲ ತೀರ್ಮಾನ ಆಗುವುದು ಹೊಸೂರಿನಲ್ಲಿ. ಓಟಿಲ್ಲದವರ ಮಾತಿಗೆ ಅಲ್ಲಿ ತೂಕ ಕಮ್ಮಿ.

ಭಾಷೆಯ ಚಿಂತೆಯೂ ಹಲವರಿಗೆ ಉಂಟು. ಹೊಸೂರು ಸೀಮೆಯಲ್ಲಿ ತಮಿಳಿನ ಜೊತೆ ತೆಲುಗು, ಕನ್ನಡ, ಉರ್ದು ಎಲ್ಲ ನಡೆಯುತ್ತವೆ. ಕಚೇರಿಯ ಕಾಗದಪತ್ರ ಮಾತ್ರ ತಮಿಳಿನಲ್ಲಿ, ಅದನ್ನು ಓದಿ ಬರೆಯಲು ಕಲಿಯದೆ ಗತಿಯಿಲ್ಲ. ಹಾಗಂತ ಮನೆಮಾತು ಅಡ್ಡಿಯಾಗುವುದಿಲ್ಲ. ತನಗೆ ಗೊತ್ತಿರುವ ಅಧಿಕೃತ ಭಾಷೆ ಇಲ್ಲದ ಶಾಸಕನಿಗೆ ಸ್ಪೀಕರ್ ಮಾತೃಭಾಷೆಯಲ್ಲಿ ಮಾತಾಡಲು ಅನುಮತಿ ಕೊಡಬಹುದು ಎಂದು ಸಂವಿಧಾನದ 210ನೇ ವಿಧಿ ಹೇಳ್ತದೆ. ಹೊಸೂರಿನಿಂದ ಮೂರು ಸಲ ಶಾಸಕರಾದ ಕೆ. ಗೋಪಿನಾಥ್ 2024ರಲ್ಲಿ ಕೃಷ್ಣಗಿರಿ ಸಂಸದರಾಗಿ ಪ್ರಮಾಣವಚನ ತೆಗೆದುಕೊಂಡದ್ದು ತೆಲುಗಿನಲ್ಲಿ.

ಇನ್ನು ದುಡ್ಡಿನ ಮಾತು. ವಿಧಾನಸಭೆಗೆ ಠೇವಣಿ 10,000 ರೂಪಾಯಿ, ಲೋಕಸಭೆಗೆ 25,000. ಪರಿಶಿಷ್ಟರಿಗೆ ಅದರ ಅರ್ಧ. ಚಲಾವಣೆಯಾದ ಮತದ ಆರನೇ ಒಂದು ಪಾಲು ದಾಟದಿದ್ದರೆ ಠೇವಣಿ ಹೋಯಿತು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಪಕ್ಷೇತರನಿಗೆ ಹತ್ತು ಜನ ಬೇಕು. ವಿಧಾನಸಭೆಯ ಖರ್ಚಿನ ಮಿತಿ 2022ರಿಂದ 40 ಲಕ್ಷ. ಮಿತಿಯೇ ಅಷ್ಟಿದ್ದರೆ ಸಣ್ಣ ಅಂಗಡಿಯವನ ಮಗ ಯಾವ ಧೈರ್ಯದಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಗೆ ಯಾವ ಪಕ್ಷವೂ ನೇರ ಉತ್ತರ ಕೊಟ್ಟಿಲ್ಲ. ಪಂಚಾಯತ್ ವಾರ್ಡಿನಲ್ಲಿ ಮನೆ ಮನೆ ನಡೆದೇ ಮುಗಿಸಬಹುದು, ಖರ್ಚು ಆ ಮಟ್ಟಕ್ಕೆ ಹೋಗುವುದಿಲ್ಲ.

ನಿಲ್ಲುವ ವಯಸ್ಸು ಆಗದವರು ಗ್ರಾಮಸಭೆಗೆ ಹೋಗಿ ಕೂರಬಹುದು. ತಮಿಳುನಾಡಿನಲ್ಲಿ ಜನವರಿ 26, ಮಾರ್ಚ್ 22, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಹೀಗೆ ವರ್ಷಕ್ಕೆ ಆರು ದಿನ ಗ್ರಾಮಸಭೆಗೆ ನಿಗದಿಯಾಗಿದೆ. ನಗರದಲ್ಲಿ 2022ರಿಂದ ಏರಿಯಾ ಸಭೆ ಅಂತ ಬಂದಿದೆ. ಪಂಚಾಯತ್‌ನ ಜಮೆ–ಖರ್ಚಿನ ಲೆಕ್ಕ ಗ್ರಾಮಸಭೆಯ ಮುಂದೆ ಇಡಬೇಕು. ಬಿಕಾಂ ಓದುವ ಹುಡುಗನಿಗೆ ಆ ಲೆಕ್ಕ ಓದಲಿಕ್ಕೆ ಅರ್ಧ ಗಂಟೆ ಸಾಕು. ಪಟ್ಟಿಯಲ್ಲಿ ಹೆಸರಿದ್ದರೆ ಎದ್ದು ನಿಂತು ಕೇಳುವ ಹಕ್ಕೂ ಅವನಿಗೆ ಉಂಟು.