ಕರೆಯದೆ ತೆರೆದ ಕಿಟಕಿಗಳು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದೊಡನೆ ಇತಿಹಾಸ ಬರೆಯುವವರಿಗೆ ಶಾಸನಗಳು ನೆನಪಾಗುತ್ತವೆ, ಶರಣರು ನೆನಪಾಗುತ್ತಾರೆ, ಆದಿಲ್‌ಶಾಹಿ ದಫ್ತರಗಳು, ಬರಗಾಲ, ಗುಳೆ ನೆನಪಾಗುತ್ತವೆ. ಈ ನಾಲ್ಕು ತಾಲೂಕುಗಳ ಮನೆಗಳಿಗೆ ಕಂಪ್ಯೂಟರ್ ಬಂದದ್ದು, ಅದರ ಬೆನ್ನಿಗೇ ಅದರ ರೋಗಗಳೂ ಬಂದದ್ದು ಬರೆದಿಡಬೇಕಾದ ಸಂಗತಿಯೆಂದು ಯಾರೂ ಎಣಿಸುವುದಿಲ್ಲ. ಆ ರೋಗಗಳಿಂದ ಮನೆಯೊಳಗೆ ಹುಟ್ಟಿದ ಸಂಶಯಗಳನ್ನು ಹತ್ತಿರದಿಂದ ಕಂಡ ನಮಗೆ ಮಾತ್ರ ಅದೂ ಇತಿಹಾಸದ ಒಂದು ಪುಟವೇ ಎನ್ನಿಸುತ್ತದೆ.

ಪುಟದ ಮೊದಲ ಸಾಲು ಅಮೆರಿಕದಲ್ಲಿಲ್ಲ, ಲಾಹೋರಿನಲ್ಲಿದೆ. 1986ರಲ್ಲಿ ಅಲ್ಲಿನ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಸಹೋದರರು ತಾವು ಬರೆದ ವೈದ್ಯಕೀಯ ತಂತ್ರಾಂಶವನ್ನು ಜನ ಕದ್ದು ನಕಲು ಮಾಡುತ್ತಾರೆಂದು ಬೇಸತ್ತು ಫ್ಲಾಪಿಯಲ್ಲಿ ಅಡಗಿ ಕೂರುವ ಒಂದು ಸಣ್ಣ ಪ್ರೋಗ್ರಾಂ ಬರೆದರು. ಐಬಿಎಂ ಮಾದರಿಯ ಪಿಸಿಗಳಿಗೆ ಹರಡಿದ ಮೊದಲ ವೈರಸ್ ಎಂದು ಹೆಸರಾದ 'ಬ್ರೇನ್' ಅದೇ. ಅದರೊಳಗೆ ಅವರು ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರುಗಳನ್ನೂ ಬರೆದಿದ್ದರು! ಕದ್ದವರು ಫೋನ್ ಮಾಡಲಿ ಎಂಬ ಲೆಕ್ಕ. ಫೋನ್ ಬಂದವು, ಸಮುದ್ರದಾಚೆಯಿಂದಲೂ ಬಂದವು. ನಾಲ್ಕು ವರ್ಷಗಳ ಬಳಿಕ, 1990ರಲ್ಲಿ, ನಮ್ಮ ದೇಶದಲ್ಲೇ 'ಜೋಶಿ' ಎಂಬ ವೈರಸ್ ಕಾಣಿಸಿಕೊಂಡಿತು. ಜನವರಿ 5ರಂದು ಕಂಪ್ಯೂಟರ್ ಹಚ್ಚಿದರೆ ಯಂತ್ರ ಸ್ತಬ್ಧ. ಜೋಶಿಗೆ ಹುಟ್ಟುಹಬ್ಬದ ಶುಭಾಶಯವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದರಷ್ಟೇ ಮುಂದಕ್ಕೆ ಹೋಗುತ್ತಿತ್ತು. ಇಂದು ನೆನೆದರೆ ಹುಡುಗಾಟದಂತೆ ತೋರುತ್ತದೆ. ಕದಿಯುವುದು, ದುಡ್ಡು ಮಾಡುವುದು ಆಗಿನ್ನೂ ಇವುಗಳ ಉದ್ದೇಶವಾಗಿರಲಿಲ್ಲ.

ಔಷಧಿಯ ಅಂಗಡಿಯೂ ನಮ್ಮಿಂದ ದೂರವಿರಲಿಲ್ಲ. ಪುಣೆಯಲ್ಲಿ ಕ್ಯಾಲ್ಕ್ಯುಲೇಟರ್ ರಿಪೇರಿ ಮಾಡುತ್ತಿದ್ದ ಕೈಲಾಸ ಕಾಟ್ಕರ್ ತಮ್ಮ ಸಂಜಯನಿಂದ ವೈರಸ್ ತೆಗೆಯುವ ಸಾಧನ ಬರೆಯಿಸಿ 1990ರ ದಶಕದ ನಡುವಿನಲ್ಲಿ ಮಾರಲು ತೊಡಗಿದರು. ಅದು ಕ್ವಿಕ್ ಹೀಲ್ ಆಯಿತು.

ನಮ್ಮ ಕಡೆಯ ಸಾಮಾನ್ಯ ರೈತ ಕಂಪ್ಯೂಟರನ್ನು ಹತ್ತಿರದಿಂದ ಕಂಡದ್ದು ತಹಶೀಲ್ದಾರ ಕಚೇರಿಯ ಭೂಮಿ ಕೇಂದ್ರದಲ್ಲಿ. ರಾಜ್ಯದ 177 ತಾಲೂಕು ಕಚೇರಿಗಳಲ್ಲಿ ಸುಮಾರು 2 ಕೋಟಿ ಪಹಣಿಗಳು ಕಾಗದದಿಂದ ಯಂತ್ರಕ್ಕೆ ಏರಿದ ಕಾಲ ಅದು, 2001ರ ಆಸುಪಾಸು. 15 ರೂಪಾಯಿ ಕೊಟ್ಟು ಕಿಟಕಿಯ ಮುಂದೆ ನಿಂತರೆ ಉತಾರ ಮುದ್ರಣವಾಗಿ ಬರುತ್ತಿತ್ತು. ಒಳಗೆ ಕೂತ ಸಿಬ್ಬಂದಿ ಬೆರಳಚ್ಚು ಕೊಡದೆ ಆ ಯಂತ್ರದಲ್ಲಿ ಒಂದಕ್ಷರ ತಿದ್ದುವಂತಿರಲಿಲ್ಲ. ಯಾರು ಏನು ಮಾಡಿದರು ಎಂಬುದಕ್ಕೆ ಅಲ್ಲಿ ಗುರುತು ಉಳಿಯುತ್ತಿತ್ತು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಏಕೆಂದರೆ ಅದೇ ಕಾಲದಲ್ಲಿ ಮನೆಗಳಿಗೆ ಬಂದ ಕಂಪ್ಯೂಟರುಗಳಲ್ಲಿ ಇಂಥ ಕಾವಲು ಯಾವುದೂ ಇರಲಿಲ್ಲ. ಯಾರು ಒತ್ತಿದರು, ಯಾವುದು ತಾನಾಗಿ ತೆರೆಯಿತು ಎಂದು ಹೇಳುವ ಸಾಕ್ಷಿಯೂ ಸುಲಭಕ್ಕೆ ಸಿಗುತ್ತಿರಲಿಲ್ಲ.

ಮನೆಯ ಕಂಪ್ಯೂಟರ್ ಎಂದರೆ ಬಿಜಾಪುರದಲ್ಲೋ ಸೊಲ್ಲಾಪುರದಲ್ಲೋ ಬಿಡಿಭಾಗ ಜೋಡಿಸಿ ತಂದದ್ದು. (ಜಿಲ್ಲೆ ವಿಜಯಪುರವಾದದ್ದು 2014ರಲ್ಲಿ, ಆ ಕಾಲದ ಮಾತಿಗೆ ಆ ಕಾಲದ ಹೆಸರೇ ಇರಲಿ.) ಒಳಗಿನ ವಿಂಡೋಸ್ ಅಂಗಡಿಯವ ಉಚಿತವಾಗಿ ಹಾಕಿಕೊಟ್ಟ ನಕಲು ಸಿಡಿಯದು. ಮೈಕ್ರೋಸಾಫ್ಟ್ ಆಗಾಗ ಕಳಿಸುತ್ತಿದ್ದ ತಿದ್ದುಪಡಿಗಳನ್ನು ಹಾಕಿಕೊಂಡರೆ ನಕಲು ಎಂದು ಸಿಕ್ಕಿಬೀಳುತ್ತೇವೆಂಬ ಅಂಜಿಕೆಯಿಂದ ಅಂಗಡಿಯವನೇ ಆ ಬಾಗಿಲು ಮುಚ್ಚಿ ಕೊಡುತ್ತಿದ್ದ. ಕಳ್ಳರಿಗೆ ತೆರೆದಿದ್ದ ಬಾಗಿಲು ಹಾಗೇ ಉಳಿಯಿತು. ನಕಲು ಮಾಡುವವರ ಮೇಲಿನ ಸಿಟ್ಟಿನಿಂದ ಹುಟ್ಟಿದ ಪಿಡುಗು ನಕಲಿನ ಬೆನ್ನೇರಿಯೇ ನಮ್ಮ ಊರು ಹೊಕ್ಕಿತೆಂಬುದು ವಿಚಿತ್ರ.

ಮುದ್ದೇಬಿಹಾಳಕ್ಕೂ ಸಿಂದಗಿಗೂ ರೈಲಿಲ್ಲ. ಇಂಡಿ, ಬಾಗೇವಾಡಿಗಳಿಗೆ 'ರೋಡ್' ಎಂಬ ಬಾಲ ಹಚ್ಚಿಕೊಂಡ ನಿಲ್ದಾಣಗಳು ಊರಾಚೆ ಇವೆ. ಪೆನ್‌ಡ್ರೈವಿಗೆ ಹಳಿ ಬೇಕಿರಲಿಲ್ಲ, ಅಂಗಿಗೆ ಒಂದು ಕಿಸೆಯಿದ್ದರೆ ಸಾಕಿತ್ತು. ಮದುವೆಯ ಸುಗ್ಗಿಯಲ್ಲಿ ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ಕನ್ನಡದ ಮಜಕೂರು 'ನುಡಿ'ಯಲ್ಲಿ, ಉರ್ದುವಿನದು 'ಇನ್‌ಪೇಜ್'ನಲ್ಲಿ ಸಿದ್ಧವಾಗುತ್ತಿತ್ತು. ಅಂಗಡಿಯಿಂದ ಮುದ್ರಣಾಲಯಕ್ಕೆ, ಅಲ್ಲಿಂದ ಶಾಲೆಗೆ, ಶಾಲೆಯಿಂದ ಮಾಸ್ತರರ ಮನೆಗೆ ಒಂದೇ ಪೆನ್‌ಡ್ರೈವ್ ಓಡಾಡುತ್ತಿತ್ತು. ಅದರಲ್ಲಿ 'ನ್ಯೂ ಫೋಲ್ಡರ್' ಎಂಬ ಹಳದಿ ಚಿತ್ರ ಕಂಡರೆ ಯಾರು ತಾನೆ ತೆರೆಯುವುದಿಲ್ಲ? ಅದು ಫೋಲ್ಡರ್ ಆಗಿರುತ್ತಿರಲಿಲ್ಲ, ಆ ವೇಷ ತೊಟ್ಟ ಪ್ರೋಗ್ರಾಂ. ನಿಜವಾದ ಫೋಲ್ಡರನ್ನು ಮರೆಮಾಡಿ ತಾನು ಅಲ್ಲಿ ಕೂರುತ್ತಿತ್ತು. ಕೆಲವು ತಳಿಗಳಂತೂ ಪೆನ್‌ಡ್ರೈವ್ ಚುಚ್ಚಿದೊಡನೆ ತಾವಾಗಿಯೇ ಓಡುತ್ತಿದ್ದವು, ಟಾಸ್ಕ್ ಮ್ಯಾನೇಜರನ್ನು ಮೊದಲೇ ಬಂದ್ ಮಾಡುತ್ತಿದ್ದವು. ಹೀಗೆ ತಾನಾಗಿ ಓಡುವ ಸೌಲಭ್ಯವನ್ನು ಹಳೆಯ ವಿಂಡೋಸ್‌ಗಳಲ್ಲಿ ಮುಚ್ಚುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಎಲ್ಲರಿಗೂ ಕಳಿಸಿದ್ದು 2011ರ ಫೆಬ್ರವರಿಯಲ್ಲಿ. ತಿದ್ದುಪಡಿಯ ಬಾಗಿಲು ಮುಚ್ಚಿಕೊಂಡಿದ್ದ ನಮ್ಮ ಮನೆಗಳಿಗೆ ಅದು ತಲುಪುವುದು ಹೇಗೆ?

ಇಷ್ಟು ಪೆನ್‌ಡ್ರೈವಿನ ಮಾತಾಯಿತು. 2005ರಲ್ಲಿ ಬಿಎಸ್ಸೆನ್ನೆಲ್ ಬ್ರಾಡ್‌ಬ್ಯಾಂಡ್ ಆರಂಭವಾಗಿ, ನಂತರದ ವರ್ಷಗಳಲ್ಲಿ ತಾಲೂಕು ಊರುಗಳಿಗೂ ಬಂದ ಮೇಲೆ ಎರಡನೆಯ ಪಿಡುಗು ಬಂತು: ಕರೆಯದೆ ತೆರೆಯುವ ಕಿಟಕಿಗಳು, ಪಾಪ್‌ಅಪ್. ಇದನ್ನು ಮೊದಲಿಗೆ ಬರೆದವರಲ್ಲೊಬ್ಬರಾದ ಈಥನ್ ಝುಕರ್‌ಮನ್ 2014ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು. 1990ರ ದಶಕದಲ್ಲಿ ಅವರು ಟ್ರೈಪಾಡ್ ಎಂಬ ತಾಣದಲ್ಲಿ ಕೆಲಸಕ್ಕಿದ್ದಾಗ ಒಂದು ಕಾರು ಕಂಪನಿ ತನ್ನ ಜಾಹೀರಾತು ಅಶ್ಲೀಲ ಪುಟವೊಂದರ ಮೇಲೆ ಕಾಣಿಸಿಕೊಂಡಿತೆಂದು ಗಾಬರಿಯಾಯಿತಂತೆ. ಪುಟಕ್ಕೂ ಜಾಹೀರಾತಿಗೂ ಸಂಬಂಧ ಕಾಣದಿರಲೆಂದು ಜಾಹೀರಾತನ್ನು ಬೇರೆ ಕಿಟಕಿಯಲ್ಲಿ ತೆರೆಯುವ ಉಪಾಯ ಹೂಡಿದರು. ಹೊಲಸಿನಿಂದ ಮರ್ಯಾದೆ ಉಳಿಸಿಕೊಳ್ಳಲು ಹುಟ್ಟಿದ್ದು ಹೊಲಸನ್ನೇ ಮನೆಯೊಳಗೆ ಸುರಿಯುವ ಕೊಳವೆಯಾಯಿತು.

ಹಾಡು ಇಳಿಸುವ, ಕ್ರಿಕೆಟ್ ಸ್ಕೋರು ತೋರಿಸುವ ಉಚಿತ ತಂತ್ರಾಂಶದ ಜೊತೆಗೆ ಇನ್ನೊಂದು ಪ್ರೋಗ್ರಾಂ ಮುಚ್ಚಿಟ್ಟುಕೊಂಡು ಬರುತ್ತಿತ್ತು. ಕಿಟಕಿ ತೆರೆಯುವುದೇ ಅದರ ಉದ್ಯೋಗ. ಕೆಲವು ಕಿಟಕಿಗಳು ಜೂಜಿನವು, ಕೆಲವು ಹೇಳಬಾರದವು, ಇನ್ನು ಕೆಲವು ನಿಮ್ಮ ಕಂಪ್ಯೂಟರಿನಲ್ಲಿ ನೂರಾರು ವೈರಸ್ ಇವೆ ಎಂದು ಕೆಂಪಕ್ಷರದಲ್ಲಿ ಬೊಬ್ಬೆ ಹಾಕುವವು. ಈ ಸುಳ್ಳು ವೈದ್ಯರ ದಂಧೆ ಎಷ್ಟು ದೊಡ್ಡದಿತ್ತೆಂದರೆ, ಇನ್ನೋವೇಟಿವ್ ಮಾರ್ಕೆಟಿಂಗ್ ಎಂಬ ಕಂಪನಿಯೂ ಅದರ ಜೊತೆಗಾರರೂ 10 ಲಕ್ಷಕ್ಕೂ ಹೆಚ್ಚು ಜನರನ್ನು ಹೀಗೆ ಹೆದರಿಸಿ ಹಣ ಕಿತ್ತಿದ್ದಾರೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2008ರ ಡಿಸೆಂಬರಿನಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. 2012ರಲ್ಲಿ ಆರೋಪಿಗಳಲ್ಲೊಬ್ಬರ ಮೇಲೆ 16.3 ಕೋಟಿ ಡಾಲರಿನ ತೀರ್ಪಾಯಿತು.

ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಮಕ್ಕಳಿಗೆ, ಅಕ್ಷರ ಬಂದರೂ ಇಂಗ್ಲಿಷ್ ಬಾರದ ಹಿರಿಯರಿಗೆ ಈ ಕಿಟಕಿಗಳ ಮಾತು ತಿಳಿಯುತ್ತಿರಲಿಲ್ಲ. ಕಂಪ್ಯೂಟರಿನ ನಿಜವಾದ ಎಚ್ಚರಿಕೆಯೂ ಇಂಗ್ಲಿಷಿನಲ್ಲಿ, ಕಳ್ಳನ ಎಚ್ಚರಿಕೆಯೂ ಇಂಗ್ಲಿಷಿನಲ್ಲಿ. ಎರಡೂ ಒಂದೇ ಬಗೆಯ ಬೂದು ಪೆಟ್ಟಿಗೆ, ಒಂದೇ ಬಗೆಯ ಗುಂಡಿಗಳು. ಹೋಗಲಿ, ಮುಚ್ಚಿಬಿಡೋಣ ಎಂದು ಮೂಲೆಯ ಗುಣಾಕಾರದ ಚಿಹ್ನೆ ಒತ್ತಿದರೆ ಅದೂ ಬರಿ ಚಿತ್ರ. ಚಿತ್ರದ ಮೇಲೆ ಎಲ್ಲಿ ಒತ್ತಿದರೂ ಒಪ್ಪಿಗೆ ಕೊಟ್ಟಂತೆಯೇ.

ಇದರ ಬೆಲೆ ಏನೆಂಬುದನ್ನು ಈ ನಾಲ್ಕು ತಾಲೂಕುಗಳಲ್ಲೊಂದರ, ನಮಗೆ ಪರಿಚಯದ ಮನೆಯಲ್ಲಿ ಕಂಡೆವು. ಪಿಯುಸಿ ಓದುತ್ತಿದ್ದ ಮಗಳಿಗೆಂದು ಕಂಪ್ಯೂಟರ್ ತಂದು ಪಡಸಾಲೆಯಲ್ಲಿಟ್ಟಿದ್ದರು. ಬೀಗರು ಬಂದು ಕೂತಿದ್ದ ಒಂದು ಸಂಜೆ ತೆರೆಯ ಮೇಲೆ ಆ ಬಗೆಯ ಚಿತ್ರವೊಂದು ತಟ್ಟನೆ ತೆರೆಯಿತು. ಮುಚ್ಚಿದರೆ ಎರಡು, ಎರಡು ಮುಚ್ಚಿದರೆ ನಾಲ್ಕು. ತಂದೆ ಕರೆಂಟಿನ ಪ್ಲಗ್ ಕಿತ್ತರು. ಮರುದಿನ ಕಂಪ್ಯೂಟರಿನ ಮೇಲೆ ಬೆಡ್‌ಶೀಟ್ ಬಿತ್ತು. ಹುಡುಗಿ ಸೇರಿಕೊಂಡಿದ್ದ ಕಂಪ್ಯೂಟರ್ ತರಗತಿಯೂ ನಿಂತಿತು. ನಾವು ಹೋಗಿ ಇದು ಅವಳ ಕೆಲಸವಲ್ಲ ಎಂದರೆ ಆ ತಂದೆ ಕೇಳಿದ್ದು ಒಂದೇ ಮಾತು: "ಯಾರೂ ಒತ್ತಲಾರದ ಮಷೀನು ತಾನs ಹೊಲಸು ತಗೀತದೇನ್ರಿ?"

ಆ ಪ್ರಶ್ನೆ ಅವರೊಬ್ಬರದೇ ಆಗಿರಲಿಲ್ಲ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ನಾರ್ವಿಚ್ ಊರಿನ ಶಾಲೆಯಲ್ಲಿ 2004ರ ಅಕ್ಟೋಬರಿನಲ್ಲಿ ಜೂಲಿ ಅಮೆರೋ ಎಂಬ ಬದಲಿ ಶಿಕ್ಷಕಿಯ ತರಗತಿಯ ಕಂಪ್ಯೂಟರಿನಲ್ಲಿ ಇದೇ ಬಗೆಯ ಕಿಟಕಿಗಳು ಮಕ್ಕಳೆದುರೇ ತೆರೆದವು. 2007ರ ಜನವರಿಯಲ್ಲಿ ಆಕೆಯನ್ನು ತಪ್ಪಿತಸ್ಥೆಯೆಂದು ಜ್ಯೂರಿ ತೀರ್ಮಾನಿಸಿತು. 40 ವರ್ಷದವರೆಗೆ ಸೆರೆವಾಸ ಆಗಬಹುದಿತ್ತು. ಕಂಪ್ಯೂಟರ್ ತಜ್ಞರು ಮುಂದೆ ಬಂದು ಆ ಯಂತ್ರದಲ್ಲಿ ಆಡ್‌ವೇರ್ ಇತ್ತು, ರಕ್ಷಣಾ ತಂತ್ರಾಂಶ ಹಳತಾಗಿತ್ತು ಎಂದು ತೋರಿಸಿದ ಮೇಲೆ ಅದೇ ವರ್ಷದ ಜೂನಿನಲ್ಲಿ ತೀರ್ಪು ರದ್ದಾಯಿತು. ಆದರೂ 2008ರಲ್ಲಿ ಸಣ್ಣದೊಂದು ಆರೋಪ ಒಪ್ಪಿಕೊಂಡು, ಶಿಕ್ಷಕಿಯ ಪರವಾನಗಿ ಕಳೆದುಕೊಂಡೇ ಆಕೆ ಹೊರಬರಬೇಕಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಗೊತ್ತಿಲ್ಲ. ಕಂಪ್ಯೂಟರ್ ಹುಟ್ಟಿದ ನಾಡಿನ ನ್ಯಾಯಾಲಯವೇ ಎಡವಿದ ಮೇಲೆ ನಮ್ಮೂರಿನ ತಂದೆಯೊಬ್ಬರನ್ನು ದೂರುವುದು ಯಾವ ನ್ಯಾಯ?

ನಾವು ಆ ಮನೆಯಲ್ಲಿ ಮಾಡಿದ್ದು ಸರಳವಾದ ಪರೀಕ್ಷೆ. ಬೆಡ್‌ಶೀಟ್ ತೆಗೆದು ಕಂಪ್ಯೂಟರ್ ಹಚ್ಚಿ, ಮೊದಲು ಟೆಲಿಫೋನಿನ ತಂತಿ ಕಿತ್ತಿಟ್ಟೆವು. ಬ್ರೌಸರ್ ತೆರೆಯಲಿಲ್ಲ. ತಂದೆಯನ್ನು ಖುರ್ಚಿಯಲ್ಲಿ ಕೂರಿಸಿ, ಮೌಸ್ ಮುಟ್ಟಬೇಡಿ ಎಂದೆವು. ಐದು ನಿಮಿಷ ಆಗಿರಲಿಲ್ಲ, ಕಿಟಕಿಯೊಂದು ಎದ್ದು ನಿಂತಿತು. ಸಂಪರ್ಕವಿಲ್ಲದ್ದರಿಂದ ಅದರಲ್ಲಿ ಚಿತ್ರ ಬರಲಿಲ್ಲ, ಪುಟ ಸಿಗಲಿಲ್ಲ ಎಂಬ ಸಾಲು ಮಾತ್ರ. ತಂತಿ ಇಲ್ಲದಿರುವಾಗಲೂ ಕಿಟಕಿ ತೆರೆಯುತ್ತಿದೆ ಎಂದರೆ ತೆರೆಯುವವ ಒಳಗೇ ಕೂತಿದ್ದಾನೆ ಎಂದರ್ಥ. ಬಳಿಕ ಬ್ರೌಸರಿನ ಹಿಸ್ಟರಿ ತೋರಿಸಿದೆವು. ಒಂದೇ ನಿಮಿಷದಲ್ಲಿ ಹತ್ತಾರು ಪುಟಗಳು. ಮನುಷ್ಯರ ಬೆರಳು ಅಷ್ಟು ಬೇಗ ಓಡುವುದಿಲ್ಲ. ಅವುಗಳಲ್ಲಿ ಹಲವು ಹುಡುಗಿ ಕಾಲೇಜಿನಲ್ಲಿರುವ ಹೊತ್ತಿನವು.

ಮಿಕ್ಕದ್ದು ಸ್ವಚ್ಛ ಮಾಡುವ ಕೆಲಸ. ಸಿಸ್ಟಮ್ ರಿಸ್ಟೋರ್ ನಿಲ್ಲಿಸಿದೆವು, ಏಕೆಂದರೆ ರೋಗದ ಒಂದು ಪ್ರತಿ ಅಲ್ಲಿ ಉಳಿದು ಮರಳಿ ಬರುತ್ತಿತ್ತು. ಸೇಫ್ ಮೋಡಿನಲ್ಲಿ ಕಂಪ್ಯೂಟರ್ ಹಚ್ಚಿ, ಹೊಸ ಪ್ರೋಗ್ರಾಂಗಳ ಪಟ್ಟಿ ನೋಡಿದರೆ ಅಣ್ಣ ಹಾಡಿಗಾಗಿ ಹಾಕಿಕೊಂಡಿದ್ದ ಉಚಿತ ಸಾಧನವೂ ಅದರ ಬಾಲವಾಗಿ ಬಂದ ಟೂಲ್‌ಬಾರೂ ಸಿಕ್ಕವು. ತೆಗೆದು, ಬೇರೆಡೆಯಿಂದ ಸಿಡಿಯಲ್ಲಿ ತಂದ ಸ್ಪೈಬಾಟ್ ಓಡಿಸಿ, ಬ್ರೌಸರಿನ ಮುಖಪುಟ ಸರಿಮಾಡುವಷ್ಟರಲ್ಲಿ ಎರಡು ಸಲ ಕರೆಂಟು ಹೋಯಿತು. ಅಣ್ಣನನ್ನು ಯಾರೂ ಏನೂ ಅನ್ನಲಿಲ್ಲ ಎಂಬುದನ್ನೂ ಇಲ್ಲಿ ಬರೆಯಬೇಕು. ಕಂಪ್ಯೂಟರ್ ಮರಳಿ ಹುಡುಗಿಯ ಕೈಗೆ ಬಂತು. ತರಗತಿಯ ಆ ವರ್ಷ ಮರಳಲಿಲ್ಲ.

ಕಾನೂನು ಇರಲಿಲ್ಲವೇ ಎಂದು ಕೇಳಬಹುದು. ಇತ್ತು. ಮಾಹಿತಿ ತಂತ್ರಜ್ಞಾನ ಕಾಯಿದೆ 2000ದ 43ನೇ ಕಲಮು ಅನುಮತಿಯಿಲ್ಲದೆ ಇನ್ನೊಬ್ಬರ ಕಂಪ್ಯೂಟರಿಗೆ ವೈರಸ್ ಬಿಡುವವನಿಂದ ಪರಿಹಾರ ಕೊಡಿಸುತ್ತದೆ. 2001ರಲ್ಲೇ ಬೆಂಗಳೂರಿನಲ್ಲಿ ಸೈಬರ್ ಅಪರಾಧ ಠಾಣೆಯೂ ತೆರೆಯಿತು. ಬೀಗರ ಮುಂದೆ ಆದ ಅವಮಾನದ ದೂರು ಹೊತ್ತು ಮುದ್ದೇಬಿಹಾಳದಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಯಾರು ಹೋಗುತ್ತಾರೆ? ಈಗ ಜಿಲ್ಲೆಯಲ್ಲೇ ಸೈಬರ್ ಠಾಣೆಯಿದೆ, ಹಣ ಹೋದರೆ 1930ಕ್ಕೆ ಕರೆ ಮಾಡಬಹುದು, 2017ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದಿಂದ ಸ್ವಚ್ಛಗೊಳಿಸುವ ಸಾಧನ ಉಚಿತವಾಗಿ ಸಿಗುತ್ತದೆ. ಮರ್ಯಾದೆಯ ಅಂಜಿಕೆ ಮಾತ್ರ ಅಷ್ಟೇ ಇದೆ.

ಕಿಟಕಿಗಳೂ ಬೇರೆ ವೇಷ ತೊಟ್ಟಿವೆ. 2015ರಿಂದ ಕ್ರೋಮ್ ಬ್ರೌಸರಿನಲ್ಲಿ ತಾಣಗಳು ನಮ್ಮ ಅನುಮತಿ ಪಡೆದು ಸೂಚನೆ ಕಳಿಸಬಹುದು. ನೀವು ಯಂತ್ರವಲ್ಲ ಮನುಷ್ಯರೆಂದು ತೋರಿಸಲು 'ಅಲೋ' ಒತ್ತಿ ಎಂದು ಕೆಲವು ಪುಟಗಳು ಪುಸಲಾಯಿಸುತ್ತವೆ. ಒತ್ತಿದರೆ ಅಂದಿನಿಂದ ಹಗಲೂ ರಾತ್ರಿ ವೈರಸ್ಸಿನ ಬೆದರಿಕೆ, ಲಾಟರಿ, ಹೇಳಬಾರದ ಚಿತ್ರಗಳು. ಇದಕ್ಕೆ ವೈರಸ್ ತೆಗೆಯುವ ತಂತ್ರಾಂಶ ಓಡಿಸಿದರೆ ಏನೂ ಸಿಗದಿರಬಹುದು, ಏಕೆಂದರೆ ಒಳಗೆ ಯಾವ ಪ್ರೋಗ್ರಾಮೂ ಕೂತಿಲ್ಲ, ನಾವೇ ಕೊಟ್ಟ ಅನುಮತಿ ಕೂತಿದೆ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್ ತೆರೆದು, ಗುರುತಿಲ್ಲದ ತಾಣಗಳನ್ನು ಒಂದೊಂದಾಗಿ ತೆಗೆಯಬೇಕು. ಗೊತ್ತಿಲ್ಲದ ಎಕ್ಸ್‌ಟೆನ್ಷನ್ ಇದ್ದರೆ ಅದನ್ನೂ.

ಕಳೆದ ಬೇಸಿಗೆಯಲ್ಲಿ ಅದೇ ಮನೆಗೆ ಹೋಗಿದ್ದೆವು. ಮಗಳಿಗೆ ಮದುವೆಯಾಗಿ ವರ್ಷಗಳಾಗಿವೆ. ತಂದೆಗೆ ವಯಸ್ಸಾಗಿದೆ, ಕೈಯಲ್ಲಿ ಮಗ ಕೊಡಿಸಿದ ಮೊಬೈಲು. ಚಹಾ ಕುಡಿದ ಮೇಲೆ ನಮ್ಮನ್ನು ಒಳಕೋಣೆಗೆ ಕರೆದು, ಕದ ಮುಂದೆ ಮಾಡಿ, ಮೊಬೈಲು ತೆಗೆದುಕೊಟ್ಟರು. ತೆರೆಯ ಮೇಲಿನಿಂದ ಸೂಚನೆಗಳು ಒಂದರ ಮೇಲೊಂದು ಇಳಿಯುತ್ತಿದ್ದವು. ಒಂದೆರಡನ್ನು ನೋಡಿದೊಡನೆ ಏನೆಂದು ತಿಳಿಯಿತು.

"ನಾ ಏನೂ ನೋಡಿಲ್ರಿ," ಎಂದರು. "ತಾನs ಬರ್ತಾವ."

ಸೆಟ್ಟಿಂಗ್ಸ್ ತೆರೆದೆವು. ಅನುಮತಿ ಪಡೆದ ತಾಣಗಳು ಒಂಬತ್ತಿದ್ದವು. ಅವರು ಪಕ್ಕದಲ್ಲೇ ಕೂತು ಒಂದೊಂದನ್ನೂ ತೆಗೆಯುವವರೆಗೆ ನೋಡುತ್ತಿದ್ದರು.