ಅರಸನ ಆಟದ ಮೇಜು

ಆಟಕ್ಕೆ ಮೊದಲು ಬೇಕಾದವರು ಆಟಗಾರರು. ಹಾಸು, ಹಲಗೆ, ಮೇಜುಗಳು ಆಮೇಲಿನವು. ಹಂಪೆಯ ಗುಡಿಗಳ ಕಲ್ಲುನೆಲದ ಮೇಲೆ ಎಂದೋ ಯಾರೋ ಗೀರಿದ ಆಟದ ಮನೆಗಳನ್ನು ಕಂಡವರಿಗೆ ಇದನ್ನು ಬೇರೆ ಹೇಳಬೇಕಾದುದಿಲ್ಲ. ನಾಲ್ಕು ಗೆರೆಗಳನ್ನೆಳೆದು ಹತ್ತು ಹರಳುಗಳನ್ನು ಆಯ್ದುಕೊಂಡರೆ ಹೊತ್ತು ಹೋಗುವುದು ತಿಳಿಯುವುದಿಲ್ಲ. ಪಗಡೆಯ ಹಾಸನ್ನು ಬಟ್ಟೆಯಲ್ಲಿ ಹೊಲಿದಿಟ್ಟುಕೊಂಡು, ಆಟ ಮುಗಿದೊಡನೆ ಮಡಿಸಿ ಪೆಟ್ಟಿಗೆಗೆ ಸೇರಿಸುವುದು ಕನ್ನಡ ನಾಡಿನ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಇಷ್ಟು ಸುಲಭವಾಗಿ ಒದಗುವ ವಿನೋದಕ್ಕಾಗಿ ಬಡಗಿಯನ್ನು ಕರೆಯಿಸಿ, ಅಳತೆ ಕೊಟ್ಟು, ಆಟಕ್ಕೆಂದೇ ಒಂದು ಮೇಜನ್ನು ಮಾಡಿಸಿ ಮನೆಯಲ್ಲಿ ನೆಲೆಗೊಳಿಸಬೇಕೆಂಬ ಆಸೆ ಮನುಷ್ಯನಿಗೆ ಏಕೆ ಹುಟ್ಟುತ್ತದೆಂಬುದು ವಿಚಾರಾರ್ಹವಾದ ಸಂಗತಿ.

ಆಸೆಯೇನೋ ಬಲು ಹಳೆಯದು. ೧೯೨೨ರಲ್ಲಿ ಹೊವರ್ಡ್ ಕಾರ್ಟರನು ಈಜಿಪ್ತಿನಲ್ಲಿ ತುತಂಖಾಮುನ್ ದೊರೆಯ ಸಮಾಧಿಯನ್ನು ಕಂಡುಹಿಡಿದನಷ್ಟೆ. ಅದರೊಳಗಿದ್ದ ವಸ್ತುಗಳಲ್ಲಿ ಕರಿಮರದಿಂದ ಮಾಡಿದ ಆಟದ ಪೆಟ್ಟಿಗೆಯೊಂದಿದ್ದಿತು. ಅದರ ಮೇಲ್ಭಾಗದಲ್ಲಿ ಸೆನೆತ್ ಎಂಬ ಆಟದ ಮೂವತ್ತು ಮನೆಗಳು. ಪಕ್ಕದಲ್ಲಿ ಕಾಯಿಗಳನ್ನಿಡಲು ಒಂದು ಸೆಳೆಖಾನೆ. ಕೆಳಗೆ ಸಿಂಹದ ಪಾದಗಳುಳ್ಳ ಕಾಲುಮಣೆ. ಮೂರು ಸಾವಿರ ವರ್ಷಗಳಿಗೂ ಹಿಂದಿನ ಆ ಬಡಗಿ, ಆಟಗಾರನ ಕೈಗೆ ಏನೇನು ಬೇಕೆಂಬುದನ್ನು ಚೆನ್ನಾಗಿ ಬಲ್ಲವನಾಗಿದ್ದನು. ಆದರೆ ಆ ಆಟದ ಪೂರ್ಣ ನಿಯಮಗಳು ಮಾತ್ರ ಉಳಿದುಬಂದಿಲ್ಲ. ಪೆಟ್ಟಿಗೆಯುಳಿದು ಆಟವಳಿಯಿತು.

ಇದಕ್ಕೆ ವಿಪರೀತವಾಗಿ, ಮೇಜು ಒಂದೆಡೆ ನಿಂತುಹೋಗಿ ಆಟವು ಲೋಕವನ್ನೆಲ್ಲ ಸುತ್ತಿದ ವೃತ್ತಾಂತವೊಂದು ಯೂರೋಪಿನ ಚರಿತ್ರೆಯಲ್ಲಿದೆ. ಅದು ಪ್ರಷ್ಯದ ಅರಸ ಮೂರನೆಯ ಫ್ರೆಡ್ರಿಕ್ ವಿಲಿಯಮನಿಗಾಗಿ ೧೮೧೨ರಲ್ಲಿ ಸಿದ್ಧವಾದ ಸಮರಕ್ರೀಡೆಯ ಮೇಜಿನ ಕಥೆ.

ಆ ಕ್ರೀಡೆಯ ಮೂಲವನ್ನು ಹುಡುಕಿಕೊಂಡು ಹೋದರೆ ಭರತಖಂಡಕ್ಕೇ ಬರಬೇಕಾಗುತ್ತದೆ. ಆನೆ, ಕುದುರೆ, ರಥ, ಕಾಲಾಳುಗಳೆಂಬ ನಾಲ್ಕು ಅಂಗಗಳ ಸೇನೆಯನ್ನು ಅರುವತ್ತನಾಲ್ಕು ಮನೆಗಳಲ್ಲಿ ನಿಲ್ಲಿಸಿದ ಚತುರಂಗವು ಇಲ್ಲಿಂದ ಪಾರಸಿಕರಿಗೂ, ಅವರಿಂದ ಅರಬ್ಬರಿಗೂ, ಅರಬ್ಬರಿಂದ ಯೂರೋಪಿನವರಿಗೂ ಸಂದಿತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜರಿಗೆ ತಕ್ಕ ವಿನೋದಗಳ ನಡುವೆ ಇದೂ ಸೇರಿದೆ. ಜರ್ಮನರ ಕೈಗೆ ಬರುವಷ್ಟರಲ್ಲಿ ರಥವು ಗೋಪುರವಾಗಿದ್ದಿತು, ಆನೆಯು ಓಟಗಾರನಾಗಿದ್ದಿತು. ಸೇನೆಯ ನೆನಪು ಮಸುಕಾಗಿದ್ದಿತು. ಆ ನೆನಪನ್ನು ಮತ್ತೆ ಎಚ್ಚರಿಸಲು ಹೊರಟವರಲ್ಲಿ ಮೊದಲಿಗನೆನ್ನಬಹುದಾದವನು ಬ್ರೌನ್‌ಷ್ವೈಗಿನ ಗಣಿತಾಧ್ಯಾಪಕ ಹೆಲ್ವಿಗ್. ಇವನು ೧೭೮೦ರಲ್ಲಿ ಪ್ರಕಟಿಸಿದ ಆಟದ ಹಾಸಿನಲ್ಲಿ ಸಾವಿರದ ಆರುನೂರಕ್ಕೂ ಹೆಚ್ಚು ಮನೆಗಳಿದ್ದು, ಬೆಟ್ಟ, ಜೌಗು, ನೀರುಗಳನ್ನು ಬೇರೆ ಬೇರೆ ಬಣ್ಣಗಳಿಂದ ಗುರುತಿಸಲಾಗಿದ್ದಿತು. ಶತಮಾನದ ಕೊನೆಗೆ ವೆಂಟುರೀನಿ ಎಂಬವನು ಮನೆಗಳನ್ನು ೩,೬೦೦ಕ್ಕೆ ಏರಿಸಿದನು. ಆದರೂ ನೆಲವು ಚೌಕಗಳಾಗಿಯೇ ಉಳಿಯಿತು. ನಿಜವಾದ ಹೊಳೆ ಚೌಕಗಳ ಅಂಚು ಹಿಡಿದು ಹರಿಯುವುದಿಲ್ಲ. ನಿಜವಾದ ದಂಡು ಮನೆಯಿಂದ ಮನೆಗೆ ನೆಗೆಯುವುದಿಲ್ಲ.

ಈ ಕೊರತೆಯನ್ನು ಕಂಡುಕೊಂಡವನು ಸೈನಿಕನಲ್ಲ, ಬ್ರೆಸ್ಲೌ ಪಟ್ಟಣದ ಒಬ್ಬ ಸರ್ಕಾರಿ ಅಧಿಕಾರಿ. ಗೆಯೋರ್ಗ್ ಲಿಯೋಪೋಲ್ಡ್ ಫಾನ್ ರೈಸ್ವಿಟ್ಸ್ ಎಂಬುದು ಅವನ ಹೆಸರು. ಅವನು ಚೌಕಗಳನ್ನೇ ಬಿಟ್ಟುಬಿಟ್ಟನು. ಒಂದು ಮರದ ತೊಟ್ಟಿಯಲ್ಲಿ ಮರಳನ್ನು ತುಂಬಿ, ಅದರಲ್ಲಿ ದಿಣ್ಣೆ ಕಣಿವೆಗಳನ್ನು ತಿದ್ದಿ, ಅಳತೆಗೆ ಸರಿಯಾಗಿ ಕೊಯ್ದ ಮರದ ತುಂಡುಗಳನ್ನು ಪಡೆಗಳೆಂದು ಇಟ್ಟು, ಕೋಲಿನಿಂದ ದೂರವನ್ನಳೆದು ನಡೆಯಿಸತೊಡಗಿದನು. ಸುದ್ದಿಯು ರಾಜಕುಮಾರರ ಶಿಕ್ಷಕನ ಮೂಲಕ ಅರಮನೆಯನ್ನು ಮುಟ್ಟಿತು. ೧೮೧೧ರಲ್ಲಿ ರಾಜಕುಮಾರ ವಿಲ್‌ಹೆಲ್ಮ್ ಮೊದಲಾದವರು ಆಟವನ್ನು ಕಂಡು ಬೆರಗಾಗಿ ದೊರೆಗೆ ತಿಳಿಸಿದರು. ದೊರೆಯು ತಾನೂ ನೋಡಬೇಕೆಂದನು.

ರೈಸ್ವಿಟ್ಸನಿಗೆ ಸಂಕೋಚವುಂಟಾದುದು ಇಲ್ಲಿಯೇ. ಮಕ್ಕಳ ಮುಂದೆ ಮರಳಿನ ತೊಟ್ಟಿಯಿಡಬಹುದು. ಸಿಂಹಾಸನಾಧೀಶನ ಮುಂದೆ ಇಡುವುದೆಂತು? ಅವನು ಕಾಲಾವಕಾಶವನ್ನು ಬೇಡಿದನು. ಸುಮಾರು ಒಂದು ವರ್ಷದ ತರುವಾಯ, ೧೮೧೨ರಲ್ಲಿ, ಅರಮನೆಗೆ ಬಂದದ್ದು ಮರಳಿನ ತೊಟ್ಟಿಯಲ್ಲ. ಸುಮಾರು ಆರು ಅಡಿ ಚೌಕದ ಒಂದು ಭವ್ಯವಾದ ಮೇಜು. ಬೆಟ್ಟ, ಕಾಡು, ಹಳ್ಳಿ, ಹೊಳೆ, ದಾರಿಗಳನ್ನು ಉಬ್ಬುಗೆಲಸದಲ್ಲಿ ತೋರಿಸಿ ಬಣ್ಣ ಬಳಿದ ಬಿಲ್ಲೆಗಳು ಅದರ ಮೇಲೆ ಒಂದರ ಪಕ್ಕದಲ್ಲೊಂದು ಕೂಡಿಕೊಳ್ಳುತ್ತಿದ್ದುವು. ಬಿಲ್ಲೆಗಳನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸಿದರೆ ಬೇರೆ ಬೇರೆ ಸೀಮೆಗಳಾಗುತ್ತಿದ್ದುವು. ಪಡೆಗಳಿಗೆ ಪಿಂಗಾಣಿಯ ಕಾಯಿಗಳು. ಮೇಜಿನ ಒಡಲಲ್ಲಿ ಸೆಳೆಖಾನೆಗಳು. ಅವುಗಳಲ್ಲಿ ಕಾಯಿಗಳು, ದಾಳಗಳು, ಅಳತೆಯ ಸಾಧನಗಳು. ಕ್ರೀಡೆಯನ್ನು ವಿವರಿಸುವ ಗ್ರಂಥವೂ ಅದೇ ವರ್ಷ ಬರ್ಲಿನ್ನಿನಲ್ಲಿ ಅಚ್ಚಾಯಿತು.

ಈ ಕಾಣಿಕೆ ಯಾವ ಸಮಯದಲ್ಲಿ ಬಂದಿತೆಂಬುದನ್ನು ನೆನೆದರೆ ಅದರ ಅರ್ಥ ಇಮ್ಮಡಿಯಾಗುತ್ತದೆ. ೧೮೦೬ರಲ್ಲಿ ಯೇನದ ರಣರಂಗದಲ್ಲಿ ನೆಪೋಲಿಯನನು ಪ್ರಷ್ಯದ ಸೇನೆಯನ್ನು ಮುರಿದಿದ್ದನು. ಮರುವರ್ಷದ ಟಿಲ್ಸಿಟ್ ಸಂಧಿಯಲ್ಲಿ ರಾಜ್ಯದ ಸುಮಾರು ಅರ್ಧ ಭಾಗ ಕೈಬಿಟ್ಟಿತು. ಸೇನೆಯು ೪೨,೦೦೦ ಜನರನ್ನು ಮೀರಕೂಡದೆಂಬ ಕಟ್ಟಳೆ ಬಿದ್ದಿತು. ೧೮೧೦ರಲ್ಲಿ ರಾಣಿ ಲೂಯಿಸಳು ತೀರಿಕೊಂಡಳು. ೧೮೧೨ರಲ್ಲಿಯಾದರೋ ಈ ದೊರೆ, ತನ್ನನ್ನು ಸೋಲಿಸಿದವನ ರಷ್ಯದ ದಂಡಯಾತ್ರೆಗೆ ತನ್ನ ಸೈನಿಕರನ್ನೇ ಕಳುಹಿಸಿಕೊಡಬೇಕಾಯಿತು. ಹೊರಗೆ ತನ್ನ ದಂಡನ್ನು ತನ್ನ ಇಷ್ಟದಂತೆ ನಡೆಯಿಸಲಾರದವನಿಗೆ, ಪೋಟ್ಸ್‌ಡಾಮಿನ ಅರಮನೆಯ ಕೋಣೆಯೊಂದರಲ್ಲಿ ಆರು ಅಡಿಯ ನಿರಾತಂಕವಾದ ರಾಜ್ಯವೊಂದು ದೊರೆಯಿತು. ದೊರೆಯೂ ಅವನ ಕುಟುಂಬದವರೂ ಮೇಜಿನ ಸುತ್ತ ಕುಳಿತು ಆಸಕ್ತಿಯಿಂದ ಆಡುತ್ತಿದ್ದರೆಂದು ತಿಳಿದುಬರುತ್ತದೆ. ತಾಯಿಯನ್ನು ಕಳೆದುಕೊಂಡ ಮಕ್ಕಳೂ ರಾಜ್ಯಾರ್ಧವನ್ನು ಕಳೆದುಕೊಂಡ ತಂದೆಯೂ ಒಂದೆಡೆ ಸೇರಲು ಆ ಮೇಜು ನೆವವಾಯಿತೆಂದರೆ ತಪ್ಪಾಗಲಾರದು.

ಆದರೆ ಮೇಜಿನ ಹಿರಿಮೆಯೇ ಅದರ ಮಿತಿಯೂ ಆಯಿತು. ಅಷ್ಟು ಬೆಲೆಯ ವಸ್ತುವನ್ನು ಎರಡನೆಯ ಬಾರಿ ಮಾಡಿಸುವವರಾರು? ಮಾಡಿಸಿದರೂ ಹೊತ್ತುಕೊಂಡು ಹೋಗುವವರಾರು? ಆಟವು ಒಂದು ಮನೆತನದ ವಿನೋದವಾಗಿ ನಿಂತುಹೋಯಿತು. ೧೮೧೩ರಿಂದ ೧೮೧೫ರವರೆಗೆ ನಡೆದ ನಿಜವಾದ ಯುದ್ಧಗಳಲ್ಲಿ ಪ್ರಷ್ಯವು ಮತ್ತೆ ತಲೆಯೆತ್ತಿತು. ರೈಸ್ವಿಟ್ಸನ ಹೆಸರು ಮರೆಯಾಗುತ್ತ ಬಂದಿತು.

ಆಟವನ್ನು ಮೇಜಿನಿಂದ ಬಿಡಿಸಿದವನು ಅವನ ಮಗ. ತೋಪಿನ ಪಡೆಯಲ್ಲಿ ಲೆಫ್ಟೆನೆಂಟನಾಗಿದ್ದ ಈ ಕಿರಿಯ ರೈಸ್ವಿಟ್ಸನು ಬರ್ಲಿನ್ನಿನ ಗೆಳೆಯರೊಡನೆ ವರ್ಷಗಟ್ಟಲೆ ಆಡಿ ತಿದ್ದಿ, ತಂದೆಯ ಕ್ರೀಡೆಗೆ ಹೊಸ ರೂಪವನ್ನು ಕೊಟ್ಟನು. ಬಿಲ್ಲೆಗಳ ಬದಲು ಎಂಟು ಸಾವಿರಕ್ಕೆ ಒಂದರ ಪ್ರಮಾಣದಲ್ಲಿ ಬರೆದ ಭೂಪಟ. ಪಿಂಗಾಣಿಯ ಬದಲು ಕೆಂಪು ನೀಲಿ ಬಣ್ಣದ ಸೀಸದ ತುಂಡುಗಳು. ಒಂದೊಂದು ಸರದಿಗೆ ಎರಡು ನಿಮಿಷಗಳ ಕಾಲಮಾನ. ಎರಡು ಪಕ್ಷದವರೂ ತಮ್ಮ ಆಜ್ಞೆಗಳನ್ನು ಬರೆದು ಮಧ್ಯಸ್ಥನೊಬ್ಬನಿಗೆ ಕೊಡುವರು. ಶತ್ರುವಿನ ಪಡೆಗಳಲ್ಲಿ ಕಣ್ಣಿಗೆ ಬೀಳತಕ್ಕವನ್ನು ಮಾತ್ರ ಅವನು ಪಟದ ಮೇಲಿಡುವನು. ಗುಂಡುಗಳೆಷ್ಟು ತಾಕಿದುವೆಂಬುದನ್ನು ದಾಳವೂ, ಬಂದೂಕುಗಳ ಪರೀಕ್ಷೆಗಳಿಂದ ತೆಗೆದ ಲೆಕ್ಕಗಳೂ ಕೂಡಿ ತೀರ್ಮಾನಿಸುವುವು. ಅಜ್ಞಾನವೂ ಆಕಸ್ಮಿಕವೂ ಯುದ್ಧದಲ್ಲಿ ಎಷ್ಟು ಪಾಲನ್ನು ಪಡೆದಿವೆಯೋ ಅಷ್ಟನ್ನು ಆಟದಲ್ಲಿಯೂ ಪಡೆಯಬೇಕೆಂಬುದು ಅವನ ಅಭಿಪ್ರಾಯ.

೧೮೨೪ರಲ್ಲಿ ರಾಜಕುಮಾರ ವಿಲ್‌ಹೆಲ್ಮನು ಇದನ್ನು ನೋಡಿದನು. ಬಾಲ್ಯದಲ್ಲಿ ತಂದೆಯ ಆಟವನ್ನು ಕಂಡವನೇ ಈಗ ಮಗನ ಆಟಕ್ಕೆ ಆಶ್ರಯದಾತನಾದನು. ದೊರೆಯ ಮುಂದೆಯೂ, ಅನಂತರ ಸೇನಾ ಮುಖ್ಯಾಲಯದ ಅಧಿಪತಿ ಮ್ಯೂಫ್ಲಿಂಗನ ಮುಂದೆಯೂ ಪ್ರದರ್ಶನ ನಡೆಯಿತು. ಮೊದಲು ಉದಾಸೀನನಾಗಿದ್ದ ಮ್ಯೂಫ್ಲಿಂಗನು ಕೊನೆಗೆ ಇದು ಬರಿಯ ಆಟವಲ್ಲವೆಂದು ಮೆಚ್ಚಿ, ಸೇನೆಗೆಲ್ಲ ಶಿಫಾರಸು ಮಾಡಿದನು. ದಳದಳಕ್ಕೂ ಒಂದೊಂದು ಪೆಟ್ಟಿಗೆ ಹೋಗಬೇಕೆಂದು ಅಪ್ಪಣೆಯಾಯಿತು. ಒಂದು ಅರಮನೆಯ ಮೇಜಿನ ಮೇಲಿದ್ದುದು ಹನ್ನೆರಡು ವರ್ಷಗಳಲ್ಲಿ ಒಂದು ದೇಶದ ದಂಡಿನ ಪಾಠವಾಯಿತು.

ಕೀರ್ತಿಯ ಬೆನ್ನಿಗೆ ಅಸೂಯೆ ಬಂದಿತು. ಎಳೆಯ ಅಧಿಕಾರಿಗಳು ಕಾಗದದ ಮೇಲೆ ಸೇನಾಪತಿಗಳಾಗಿ ಮೆರೆದು, ನಿಜವಾದ ಕೆಲಸದಲ್ಲಿ ಹಿರಿಯರನ್ನು ಹಗುರವಾಗಿ ಕಾಣುವರೆಂದು ಕೆಲವರು ಗೊಣಗಿದರು. ಕಿರಿಯ ರೈಸ್ವಿಟ್ಸನಿಗೆ ಬಡ್ತಿಯೇನೋ ದೊರೆಯಿತು. ಆದರೆ ಅದರೊಡನೆ ಬರ್ಲಿನ್ನಿನಿಂದ ದೂರದ ಟೋರ್ಗೌ ಕೋಟೆಗೆ ವರ್ಗವೂ ಆಯಿತು. ಅದನ್ನು ಅವನು ದೇಶಾಂತರವಾಸದಂತೆ ಭಾವಿಸಿದನು. ೧೮೨೭ರಲ್ಲಿ ತನ್ನ ಕೈಯಿಂದಲೇ ಪ್ರಾಣವನ್ನು ಕಳೆದುಕೊಂಡನು. ಆಗ ಅವನಿಗೆ ಮೂವತ್ತೈದು ವರ್ಷಗಳೂ ತುಂಬಿರಲಿಲ್ಲ. ಯುದ್ಧದ ಆಕಸ್ಮಿಕಗಳಿಗೆಲ್ಲ ಲೆಕ್ಕವಿಟ್ಟವನ ಬಾಳು ಹೀಗೆ ಮುಗಿಯಿತು.

ಆಟವು ಮಾತ್ರ ಮುಂದುವರಿಯಿತು. ೧೮೫೭ರಿಂದ ಸೇನಾ ಮುಖ್ಯಾಲಯವನ್ನಾಳಿದ ಮೋಲ್ಟ್ಕೆಯು ಅದನ್ನು ಪ್ರೋತ್ಸಾಹಿಸಿದನು. ೧೮೭೦-೭೧ರಲ್ಲಿ ಫ್ರಾನ್ಸು ಸೋತು, ಹಿಂದಿನ ರಾಜಕುಮಾರ ವಿಲ್‌ಹೆಲ್ಮನೇ ಜರ್ಮನ್ ಚಕ್ರವರ್ತಿಯಾದ ಮೇಲೆ ಇತರ ದೇಶದವರ ಕಣ್ಣು ಇದರ ಮೇಲೆ ಬಿದ್ದಿತು. ೧೮೭೨ರಲ್ಲಿ ಕ್ಯಾಪ್ಟನ್ ಈವ್ಲಿನ್ ಬೇರಿಂಗ್ ಎಂಬವನು ಇಂಗ್ಲೆಂಡಿನ ಸೇನೆಗಾಗಿ ಜರ್ಮನ್ ನಿಯಮಗಳನ್ನು ಇಂಗ್ಲಿಷಿಗೆ ತಂದನು. ಅದೇ ವರ್ಷ ಅವನು ವೈಸರಾಯ್ ನಾರ್ತ್‌ಬ್ರೂಕನ ಖಾಸಗಿ ಕಾರ್ಯದರ್ಶಿಯಾಗಿ ಕಲ್ಕತ್ತೆಗೆ ಬಂದನು. ಮುಂದೆ ಲಾರ್ಡ್ ಕ್ರೋಮರನೆಂದು ಹೆಸರಾದವನು ಇವನೇ.

ಸೇನೆಯಿಂದ ಆಟವು ಮತ್ತೆ ಮನೆಯನ್ನು ಸೇರಿದುದು ಇಪ್ಪತ್ತನೆಯ ಶತಮಾನದಲ್ಲಿ. ಕಾದಂಬರಿಕಾರ ವೆಲ್ಸನು ೧೯೧೩ರಲ್ಲಿ ‘ಲಿಟ್ಲ್ ವಾರ್ಸ್’ ಎಂಬ ಚಿಕ್ಕ ಪುಸ್ತಕವನ್ನು ಬರೆದು, ಮನೆಯ ನೆಲದ ಮೇಲೆ ಆಟಿಗೆಯ ಸಿಪಾಯಿಗಳನ್ನು ನಿಲ್ಲಿಸಿ ಆಡುವ ಕ್ರಮವನ್ನು ತಿಳಿಸಿದನು. ನಿಜವಾದ ಯುದ್ಧದ ಮೌಢ್ಯವನ್ನು ತಿಳಿಯುವುದಕ್ಕೂ ಈ ಆಟವೇ ಸಾಕೆಂಬುದು ಅವನ ಮತ. ಮರುವರ್ಷವೇ ಮಹಾಯುದ್ಧವು ಮೊದಲಾಯಿತು. ಅಮೆರಿಕದ ಲೇಕ್ ಜಿನೀವ ಎಂಬ ಸಣ್ಣ ಊರಿನಲ್ಲಿ ಗ್ಯಾರಿ ಗೈಗ್ಯಾಕ್ಸನ ಮನೆಯ ನೆಲಮಾಳಿಗೆಯಲ್ಲಿ, ೧೯೬೦ರ ದಶಕದ ಕೊನೆಯ ಸುಮಾರಿಗೆ, ಗೆಳೆಯರು ಸೇರಿ ಸೇನೆಗಳನ್ನು ನಡೆಯಿಸುತ್ತಿದ್ದುದು ಮರಳು ತುಂಬಿದ ಮೇಜಿನ ಮೇಲೆ. ಅವನ ಜೊತೆಗಾರ ಡೇವ್ ಆರ್ನೆಸನನು ಆಡುತ್ತಿದ್ದುದು ಟೇಬಲ್ ಟೆನ್ನಿಸ್ಸಿನ ಮೇಜಿನ ಮೇಲೆ. ೧೯೭೪ರಲ್ಲಿ ಇವರಿಬ್ಬರೂ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಕ್ರೀಡೆಯು ಸೇನೆಯನ್ನು ಬಿಟ್ಟು ಒಬ್ಬೊಬ್ಬ ವೀರನ ಸಾಹಸವನ್ನು ಹಿಡಿದು, ಹೊಸ ಆಟಗಳ ಒಂದು ಕುಲಕ್ಕೇ ಮೂಲವಾಯಿತು. ದೊರೆಯ ಮುಂದಿಡಲು ನಾಚಿಕೆಯಾದ ಮರಳು ನೂರೈವತ್ತು ವರ್ಷಗಳಾದ ಮೇಲೆ ಹೀಗೆ ಮಾನ್ಯವಾಯಿತು.

ಈಗ ಅಮೆರಿಕ ಯೂರೋಪುಗಳಲ್ಲಿ ಇಂತಹ ಆಟಗಳ ಹವ್ಯಾಸಿಗಳು ಬಡಗಿಗಳಿಂದ ಮತ್ತೆ ಮೇಜುಗಳನ್ನು ಮಾಡಿಸಿಕೊಳ್ಳುತ್ತಿದ್ದಾರೆ. ನಡುವೆ ತಗ್ಗಾದ ಆಟದ ಕಣ; ಮೇಲೆ ಮುಚ್ಚಲು ಹಲಗೆಗಳು; ಬದಿಯಲ್ಲಿ ಸೆಳೆಖಾನೆಗಳು. ಹಲಗೆಗಳನ್ನು ಹಾಕಿದರೆ ಮನೆಮಂದಿ ಊಟಕ್ಕೆ ಕೂರಬಹುದು. ತೆಗೆದರೆ ನಿನ್ನೆ ನಿಲ್ಲಿಸಿದ ಆಟ ನಿನ್ನೆಯಿದ್ದಂತೆಯೇ ಕಾದಿರುತ್ತದೆ. ಮಡಿಸುವ ಹಾಸಿಗೆ ಈ ಗುಣವಿಲ್ಲ. ಆಟವೊಂದು ಮುಗಿಯದೆ ಮನೆಯಲ್ಲಿಯೇ ಉಳಿದಿದ್ದರೆ, ಆಡುವವರೂ ಮರುದಿನ ಅದೇ ಜಾಗಕ್ಕೆ ಬಂದು ಸೇರುತ್ತಾರೆ. ಖರ್ಚುಮಾಡಿ ಮೇಜು ಮಾಡಿಸುವವರು ಬಯಸುವುದು ಬಹುಶಃ ಮರದ ಕೆತ್ತನೆಯನ್ನಲ್ಲ, ಈ ಬರವನ್ನು.

ಹಿರಿಯ ರೈಸ್ವಿಟ್ಸನ ಮೇಜು ಬರ್ಲಿನ್ನಿನಲ್ಲಿ ಇಂದಿಗೂ ಸುರಕ್ಷಿತವಾಗಿದೆ. ಸೇನೆಗಳಿಗೆ ಪ್ರಯೋಜನವಾದುದು ಅದಲ್ಲ, ಮಗನ ಅಗ್ಗದ ಭೂಪಟ. ಹವ್ಯಾಸಿಗಳಿಗೆ ಒದಗಿದುದು ಅವನು ಮರೆಮಾಡಿದ ಮರಳು. ಆದರೂ ಅದು ವ್ಯರ್ಥವಾಯಿತೆನ್ನುವಂತಿಲ್ಲ. ಪೋಟ್ಸ್‌ಡಾಮಿನ ಅರಮನೆಯಲ್ಲಿ ಆ ಮೇಜಿನ ಸುತ್ತ ಬೆಳೆದ ಹುಡುಗನೊಬ್ಬನಿಲ್ಲದಿದ್ದರೆ, ೧೮೨೪ರಲ್ಲಿ ಬಡ ಲೆಫ್ಟೆನೆಂಟನ ಕಾಗದದ ಆಟವನ್ನು ದೊರೆಯವರೆಗೆ ಕೊಂಡೊಯ್ಯುವವರು ಯಾರಿರುತ್ತಿದ್ದರು?