ರಾಯಾಪುರದ ದಾರಿಯಲ್ಲಿ ನಿರ್ವಾತದ ಬ್ರೇಕು

ಹುಬ್ಬಳ್ಳಿ ಮತ್ತು ಧಾರವಾಡಗಳು 1962ರಲ್ಲಿ ಒಂದೇ ಮಹಾನಗರಪಾಲಿಕೆಯಡಿ ಸೇರುವುದಕ್ಕೆ ಮೊದಲೇ ಅವೆರಡನ್ನೂ ಕೂಡಿಸಿದ್ದದ್ದು ಪುಣೆ–ಬೆಂಗಳೂರು ರಸ್ತೆ. ಜನರ ಬಾಯಲ್ಲಿ ಪಿ.ಬಿ. ರೋಡ್ ಆಗಿರುವ ಈ ರಸ್ತೆಯ ಮೇಲೆ ರಾಯಾಪುರವಿದೆ. ರಸ್ತೆಗೆ ಜೊತೆಯಾಗಿ ಉಣಕಲ್, ಅಮರಗೋಳ, ನವಲೂರುಗಳ ಮೂಲಕ ರೈಲುಹಳಿಯೂ ಸಾಗುತ್ತದೆ. ನಿರ್ವಾತ, ಅಂದರೆ ಗಾಳಿಯನ್ನು ಹೀರಿ ತೆಗೆದಾಗ ಉಳಿಯುವ ಕಡಿಮೆ ಒತ್ತಡದ ಜಾಗ, ಈ ಎರಡೂ ದಾರಿಗಳಲ್ಲಿ ಬಹುಕಾಲ ಬ್ರೇಕಿನ ಕೆಲಸಕ್ಕೆ ನಿಂತಿತ್ತು. ಆದರೆ ಅದು ಹಳಿಯ ಮೇಲೆ ಮಾಡಿದ ಕೆಲಸಕ್ಕೂ ರಸ್ತೆಯ ಮೇಲೆ ಮಾಡಿದ ಕೆಲಸಕ್ಕೂ ನೇರ ವಿರೋಧವಿತ್ತು.

ಸದರ್ನ್ ಮರಾಠಾ ರೈಲ್ವೆಯು 1885ರಲ್ಲಿ ಹುಬ್ಬಳ್ಳಿಯಲ್ಲಿ ಕಾರ್ಯಾಗಾರವನ್ನು ಸ್ಥಾಪಿಸಿತು. ಭಾರತೀಯ ರೈಲುಗಳಲ್ಲಿ ದೀರ್ಘಕಾಲ ಬಳಕೆಯಲ್ಲಿದ್ದ ನಿರ್ವಾತ ಬ್ರೇಕಿನಲ್ಲಿ, ಎಂಜಿನ್ನಿನಿಂದ ಕೊನೆಯ ಡಬ್ಬಿಯವರೆಗೆ ಹಾಯುವ ಕೊಳವೆಯಲ್ಲಿ ಪಾದರಸದ 53 ಸೆಂ.ಮೀ.ನಷ್ಟು ನಿರ್ವಾತವನ್ನು ಕಾಯ್ದುಕೊಂಡಾಗ ಗಾಲಿಗಳು ಬಿಡುಗಡೆಯಾಗಿರುತ್ತಿದ್ದವು. ಚಾಲಕನು ಗಾಳಿಯನ್ನು ಒಳಬಿಟ್ಟರೆ, ಇಲ್ಲವೇ ಕೊಳವೆಯೇ ಹರಿದುಹೋದರೆ, ಬ್ರೇಕು ತಾನಾಗಿ ಬೀಳುತ್ತಿತ್ತು. ನಿರ್ವಾತ ನಷ್ಟವಾದರೆ ಗಾಡಿ ನಿಲ್ಲುವುದು, ಇದೇ ಆ ವ್ಯವಸ್ಥೆಯ ಹಿರಿಮೆ.

ಲಾರಿಯಲ್ಲಿ ಹಾಗಿಲ್ಲ; ಅಲ್ಲಿ ನಿರ್ವಾತ ನಷ್ಟವಾದರೆ ಬ್ರೇಕಿನ ಬಲವೇ ಕುಂದುತ್ತದೆ. ಬೆಲ್ಜಿಯಂನ ಎಂಜಿನಿಯರ್ ಅಲ್ಬೆರ್ ದೆವಾಂಡ್ರ್ 1920ರ ದಶಕದಲ್ಲಿ ರೂಪಿಸಿದ ಸರ್ವೋ, ಅಂದರೆ ಗ್ಯಾರೇಜಿನವರು ಬೂಸ್ಟರ್ ಎನ್ನುವ ಸಾಧನವು, ಚಾಲಕನ ಕಾಲಿನ ಬಲಕ್ಕೆ ಬಲ ಕೂಡಿಸುವ ಸಹಾಯಕ ಮಾತ್ರ. ಅದರೊಳಗಿನ ಡಯಾಫ್ರಮ್ ಎಂಬ ರಬ್ಬರಿನ ಪರದೆಯ ಒಂದು ಬದಿಗೆ ನಿರ್ವಾತವಿದ್ದು, ಪೆಡಲ್ ತುಳಿದಾಗ ಇನ್ನೊಂದು ಬದಿಗೆ ಹೊರಗಾಳಿ ನುಗ್ಗಿ ಪರದೆಯನ್ನು ತಳ್ಳುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯ ದಾರಿಯನ್ನು ಕಿರಿದುಗೊಳಿಸುವ ಥ್ರಾಟಲ್ ಇರುವುದರಿಂದ ಈ ನಿರ್ವಾತ ಖರ್ಚಿಲ್ಲದೆ ದೊರೆಯುತ್ತಿತ್ತು. ಡೀಸೆಲ್ ಎಂಜಿನ್ ಸಾಮಾನ್ಯವಾಗಿ ಗಾಳಿಯನ್ನು ತಡೆಯದೆ ಸೇದಿಕೊಂಡು, ಇಂಧನವನ್ನು ಮಾತ್ರ ಅಳೆದು ಕೊಡುತ್ತದೆ. ಆದ್ದರಿಂದ ಟಾಟಾ ಕಂಪನಿಯಾದ ಟೆಲ್ಕೊ 1954ರಲ್ಲಿ ಡೈಮ್ಲರ್-ಬೆಂಜ್ ಸಹಯೋಗದೊಂದಿಗೆ ಲಾರಿ ತಯಾರಿಕೆ ಆರಂಭಿಸಿ ಭಾರತದ ರಸ್ತೆಗಳು ಡೀಸೆಲ್ಲಿಗೆ ಹೊರಳಿದ ಮೇಲೆ, ನಿರ್ವಾತದ ನೆರವು ಬೇಕಾದ ಗಾಡಿಗಳಲ್ಲಿ ಅದನ್ನು ಉತ್ಪಾದಿಸಲೆಂದೇ ಒಂದು ಪಂಪು ಬೇಕಾಯಿತು. ಭಾರದ ಲಾರಿಗಳು ಕ್ರಮೇಣ ಒತ್ತಿದ ಗಾಳಿಯ ಬ್ರೇಕಿಗೆ ತಿರುಗಿದವು. ಆದರೆ 1986ರಲ್ಲಿ ಬಂದ ಟಾಟಾ 407ರಂಥ ಸಣ್ಣ ಲಾರಿಗಳಲ್ಲಿ ನಿರ್ವಾತವೇ ಉಳಿಯಿತು, ಅದರ ರೋಗಗಳೂ ಉಳಿದವು.

ಈ ರೋಗಗಳನ್ನು ಗುರುತಿಸುವ ವಿದ್ಯೆ ಬಹುಪಾಲು ಕಾಲಿನ ಸ್ಪರ್ಶವನ್ನೇ ನಂಬಿದೆ. ಪೆಡಲ್ ಮೆತ್ತಗಾಗಿ ಪುಟಿದರೆ ಬ್ರೇಕ್ ಆಯಿಲ್ಲಿನ ಕೊಳವೆಯಲ್ಲಿ ಗಾಳಿ ಸೇರಿದೆಯೆಂದೂ, ತುಳಿದು ಹಿಡಿದಂತೆ ನಿಧಾನವಾಗಿ ಕೆಳಗಿಳಿದರೆ ಪೆಡಲಿನ ಒತ್ತಡವನ್ನು ಆಯಿಲ್ಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ ವಾಷರ್ ಸವೆದಿದೆಯೆಂದೂ, ಕಲ್ಲಿನಂತೆ ಬಿಗಿಯಾದರೆ ನಿರ್ವಾತವೇ ಸಾಲದೆಂದೂ ಅನುಭವಿಗಳು ತಿಳಿಯುತ್ತಾರೆ. ಎಂಜಿನ್ ನಿಲ್ಲಿಸಿ, ಉಳಿದ ನಿರ್ವಾತ ತೀರುವವರೆಗೆ ಪೆಡಲನ್ನು ಹಲವು ಸಲ ತುಳಿದು, ಕಾಲನ್ನು ಎತ್ತದೆ ಎಂಜಿನ್ ಚಾಲೂ ಮಾಡಿದಾಗ ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ಪಂಪು, ರಬ್ಬರ್ ಪೈಪು, ಒಮ್ಮುಖ ಕವಾಟ, ಬೂಸ್ಟರ್ ಈ ನಾಲ್ಕರಲ್ಲಿ ತಪ್ಪು ಎಲ್ಲಿದೆಯೆಂದು ಹುಡುಕಬೇಕು. ತುಳಿದು ಹಿಡಿದಷ್ಟು ಹೊತ್ತೂ ಸುಸ್ಸೆಂಬ ಸದ್ದು ನಿಲ್ಲದಿದ್ದರೆ ಶಂಕೆ ಬೂಸ್ಟರಿನ ಮೇಲೆ ಹೋಗುತ್ತದೆ. ಹೊರಗೆಲ್ಲೂ ಸೋರದೆ ಬ್ರೇಕ್ ಆಯಿಲ್ ಕಡಿಮೆಯಾಗುತ್ತಿದ್ದರೆ ಅದು ಹೆಚ್ಚು ಅಪಾಯದ ಸೂಚನೆ. ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲು ಸವೆದು, ನಿರ್ವಾತವೇ ಆಯಿಲ್ಲನ್ನು ಬೂಸ್ಟರಿನೊಳಕ್ಕೆ ಎಳೆದುಕೊಳ್ಳುತ್ತಿರಬಹುದು.

ಕಾಲಿಗೆ ಸಿಕ್ಕ ಸುಳಿವನ್ನು ನಿರ್ವಾತ ಅಳೆಯುವ ಮೀಟರ್ ಹಚ್ಚಿ ಖಚಿತಪಡಿಸಿಕೊಳ್ಳುವಾಗ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಪಾದರಸದ 760 ಮಿ.ಮೀ. ಇದ್ದರೆ, ಈ ಅವಳಿ ನಗರಗಳ ಸೀಮೆಯಲ್ಲಿ, ಸುಮಾರು 700 ಮೀಟರ್ ಎತ್ತರದಲ್ಲಿ, ಅದು 700 ಮಿ.ಮೀ.ಗೆ ಸಮೀಪವಾಗಿರುತ್ತದೆ, ಅಷ್ಟರಮಟ್ಟಿಗೆ ಬೂಸ್ಟರಿನ ಬಲವೂ ಇಳಿಯುತ್ತದೆ, ಮೀಟರಿನ ಮುಳ್ಳೂ ಪಾದರಸದ ಸುಮಾರು 2 ಇಂಚಿನಷ್ಟು ಹಿಂದೆಯೇ ನಿಲ್ಲುತ್ತದೆ. ಮುಂಬಯಿಯಂಥ ಕರಾವಳಿ ನಗರದಲ್ಲಿ ಸರಿಯೆನಿಸುವ ಅಂಕಿಯನ್ನು ರಾಯಾಪುರದಲ್ಲಿ ನಿರೀಕ್ಷಿಸಿ ನೆಟ್ಟಗಿರುವ ಪಂಪನ್ನು ಬಿಚ್ಚುವ ಮೊದಲು, ಆ 2 ಇಂಚನ್ನು ಕಳೆದು ನೋಡಬೇಕಾಗುತ್ತದೆ.